ನಮ್ಮ ದೊರೆಯ ಕೊನೆಯ ಸಾಲು

ಪಕ್ಕದ ಮನೆಯ ಇಂಗ್ಲಿಷ್ ನಟರು ತಮ್ಮ ಎಪ್ಪತ್ತೆಂಟು ವರ್ಷಗಳಲ್ಲಿ ಇಪ್ಪತ್ತಮೂರು ಸಲ ಸತ್ತಿದ್ದರು. ಈ ಎಣಿಕೆ ಅವರದಲ್ಲ, ನನ್ನದು. ಅವರು ನಮ್ಮ ಊಟದ ಮೇಜಿನ ಮುಂದೆ ಕುಳಿತು ಒಂದೊಂದೇ ಸಾವನ್ನು ನೆನಪು ಮಾಡಿಕೊಂಡು ಹೇಳುತ್ತಿದ್ದಂತೆ ನಾನು ಅಡುಗೆಮನೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಾ ಹೋದೆ. ಗುಂಡೇಟಿಗೆ ಆರು. ಹೃದಯ ನಿಂತು ಐದು. ವಿಷಕ್ಕೆ ನಾಲ್ಕು. ಮೆಟ್ಟಿಲಿನಿಂದ ಉರುಳಿ ಮೂರು. ನೀರಿಗೆ ಬಿದ್ದು ಎರಡು. ನೇಣಿಗೆ ಒಂದು. ಹಾಸಿಗೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ, ನೆಮ್ಮದಿಯಾಗಿ ಒಂದೇ ಒಂದು. ಉಳಿದ ಒಂದು ಸಾವು ಮಕ್ಕಳ ನಾಟಕದಲ್ಲಿ, ಕುದುರೆಯ ಹಿಂಗಾಲುಗಳಾಗಿ. ಮುಂಗಾಲುಗಳ ನಟನಿಗೆ ಅವತ್ತು ಇವರ ಮೇಲೆ ಏನೋ ಕೋಪವಿತ್ತಂತೆ. ಅವನು ಸಾಯಲು ಒಪ್ಪದೆ ನಿಂತೇ ಇದ್ದನಂತೆ.

ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರ ಮಗಳು ಅಲ್ಲಿ ಮೊದಲಿನಿಂದಲೂ ಇದ್ದಳು. ಯಾವುದೋ ಲ್ಯಾಬಿನಲ್ಲಿ ಕೆಲಸ, ಒಬ್ಬಳೇ, ಮೇಲ್‌ಬಾಕ್ಸ್ ಹತ್ತಿರ ಸಿಕ್ಕರೆ ಹಾಯ್ ಅನ್ನುವಷ್ಟು ಪರಿಚಯ. ಲಾಕ್‌ಡೌನ್ ಎಲ್ಲ ಮುಗಿದು ಜನ ಮತ್ತೆ ವಿಮಾನ ಹತ್ತತೊಡಗಿದ ಮೇಲೆ, ಪೈನ್ ಮರಗಳ ಹಳದಿ ಪುಡಿ ಕಾರು, ಕಿಟಕಿ, ಕೊನೆಗೆ ನಾನು ಡೆಕ್ಕಿನಲ್ಲಿ ಒಣಹಾಕಿದ್ದ ಬಾಳಕದ ಮೆಣಸಿನಕಾಯಿಯ ಮೇಲೂ ಕೂತಿದ್ದ ಒಂದು ವಾರ, ಆಕೆ ಇಂಗ್ಲೆಂಡಿನಿಂದ ತಂದೆಯನ್ನು ಕರೆತಂದಿದ್ದಳು. ನಮಗೆ ಅದು ಗೊತ್ತಾದದ್ದು ಗೋಡೆಯ ಆಚೆ ಜಗಳ ಶುರುವಾದ ಮೇಲೆ.

ಮನೆಯಿಂದಲೇ ಕೆಲಸ ಮಾಡುವ ನನ್ನ ಯಜಮಾನರು ಹೆಡ್‌ಫೋನ್ ತೆಗೆದು ಗೋಡೆಗೆ ಕಿವಿಯಿಟ್ಟರು. "ಏ, ಇಲ್ಲಿ ಬಾ. ಯಾರೋ ಹೆಂಗಸು ಅಳ್ತಿದಾಳೆ. ಅವನ್ಯಾವನೋ ಕೂಗಾಡ್ತಿದಾನೆ. ಪೊಲೀಸೂ ಬಂದ ಹಂಗಿದೆ ಕಣೇ."

"ಬೀದೀಲಿ ಪೊಲೀಸ್ ಕಾರೇ ಇಲ್ಲವಲ್ರೀ."

"ಹಂಗಾದ್ರೆ ನಡ್ಕೊಂಡ್ ಬಂದಿರ್ಬೇಕು."

ಅಮೆರಿಕದಲ್ಲಿ ನಡೆದುಕೊಂಡು ಬರುವ ಪೊಲೀಸನನ್ನು ನೋಡಬೇಕೆಂಬ ಆಸೆಯಿಂದ ನಾನು ಒಂದು ಡಬ್ಬಿ ಚಕ್ಕುಲಿ ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಒಬ್ಬರೇ ಮುದುಕರು. ಉದ್ದ ಮುಖ, ಮೊಣಕೈಯಲ್ಲಿ ಸವೆದ ಸ್ವೆಟರ್, ಕಿವಿಯಲ್ಲಿ ಹಿಯರಿಂಗ್ ಏಡ್.

"ಉಳಿದವರು?" ಎಂದೆ.

"ಎಲ್ಲ ನಾನೇ," ಎಂದರು. "ಆ ಹೆಂಗಸು ಸ್ವಲ್ಪ ಅತಿ ಆಯಿತಾ?"

ಇಲ್ಲೊಂದು ಮಾತು ಹೇಳಿಬಿಡಬೇಕು. ಅವರೂ ಅವರ ಮಗಳೂ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಇಲ್ಲಿ ಅವರನ್ನು ಮೈಸೂರಿನ ನಿವೃತ್ತ ಮೇಷ್ಟರ ಹಾಗೆ ಮಾತಾಡಿಸುತ್ತಿದ್ದರೆ ಅದು ನನ್ನ ಅನುಕೂಲಕ್ಕೆ. ಅವರು ಆಡಿದ ಕನ್ನಡ ಒಟ್ಟು ಒಂಬತ್ತು ವಾಕ್ಯ. ಈ ಕಥೆಯೆಲ್ಲ ಅದರಲ್ಲಿ ಒಂದರ ಮೇಲೆ ನಿಂತಿದೆ.

ನಾನು ಒಂದು ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಮೂರಕ್ಕೆ ಫಿಲ್ಟರಿಗೆ ಬಿಸಿನೀರು ಹಾಕುವ ಹೊತ್ತಿಗೆ ಸರಿಯಾಗಿ ಅವರು ಬರತೊಡಗಿದರು. ಕಾಫಿ, ನಾಲ್ಕರವರೆಗೆ ಮಾತು, ಮತ್ತೆ ಮನೆಗೆ. ನಾನು ಅಂಕಲ್ ಅಂದೆ. ಮೊದಲ ದಿನ ಅವರು ಸುತ್ತ ನೋಡಿ ಯಾರ ಅಂಕಲ್ ಎಂದು ಕೇಳಿದರು. ಎರಡನೆಯ ವಾರಕ್ಕೆ ಒಗ್ಗಿತು. ನನ್ನ ಯಜಮಾನರು ಮಾತ್ರ ಅವರ ಬೆನ್ನ ಹಿಂದೆ ದೊರೆ ಅನ್ನುತ್ತಿದ್ದರು. "ಬಂದ್ರು ನೋಡು ನಿಮ್ಮ ದೊರೆ. ಕಪ್ಪು ತೊಳೆದಿಟ್ಟಿದೀಯಾ?"

ದೊರೆಯ ಹುಟ್ಟು ಅಂಥ ದೊರೆತನದ್ದೇನಲ್ಲ. ಸಮುದ್ರದ ಪಕ್ಕದ ಸಣ್ಣ ಊರಿನಲ್ಲಿ ಅಪ್ಪನ ಮೀನಿನ ಅಂಗಡಿ. ಅಂಗಡಿಗೆ ಬಂದ ಹೆಂಗಸರು ಹೋದ ಮೇಲೆ ಅವರಂತೆಯೇ ಮಾತಾಡಿ ತೋರಿಸುವುದು ಇವರ ಆಟ. ಒಂದು ದಿನ ಒಬ್ಬಾಕೆ ಕೊಡೆ ಮರೆತು ವಾಪಸು ಬಂದಳು. ಕೌಂಟರಿನ ಹಿಂದೆ ತಾನೇ ಮೀನಿಗೆ ಚೌಕಾಸಿ ಮಾಡುತ್ತಿರುವುದು ಆಕೆಗೆ ಕೇಳಿಸಿತು. ಅವತ್ತು ಅಪ್ಪ ಹೊಡೆದದ್ದು ಹಸಿ ಮೀನಿನಿಂದ. ಆಮೇಲೆ ಊರೂರು ತಿರುಗುವ ನಾಟಕ ಕಂಪನಿ, ವಾರಕ್ಕೊಂದು ಹೊಸ ನಾಟಕ. ಬೆಳಿಗ್ಗೆ ಒಂದರ ಅಭ್ಯಾಸ, ಸಂಜೆ ಇನ್ನೊಂದರ ಪ್ರದರ್ಶನ. ಬಿಷಪ್ ಆದರು, ಬಟ್ಲರ್ ಆದರು, ಸಾಲದ್ದಕ್ಕೆ ಟೂತ್‌ಪೇಸ್ಟ್ ಟ್ಯೂಬಿಗೆ ಧ್ವನಿಯೂ ಆದರು. ತಮ್ಮ ಮಾತಿನ ಜೊತೆಗೆ ಬೇರೆಯವರ ಮಾತೂ ಬಾಯಿಗೆ ಬರುತ್ತಿತ್ತಂತೆ. ಯಾರಿಗಾದರೂ ಹುಷಾರಿಲ್ಲ ಅಂದರೆ ಎರಡು ಪಾತ್ರವನ್ನೂ ಇವರೇ ಮಾಡಿದ್ದುಂಟಂತೆ, ಟೋಪಿ ಬದಲಿಸಿಕೊಂಡು.

ಜೊತೆಗೆ ಬರೆಯುತ್ತಲೂ ಇದ್ದರು. ರೇಡಿಯೋ ನಾಟಕ, ಬೇರೆಯವರ ಹೆಸರಿನಲ್ಲಿ ಹಾಸ್ಯ, ಪತ್ತೇದಾರಿ ಬೆಕ್ಕಿನ ಮಕ್ಕಳ ಪುಸ್ತಕಗಳು. ಟಿವಿಯ ಒಂದು ಧಾರಾವಾಹಿಯನ್ನು ಇವರೇ ಬರೆದು ಅದರಲ್ಲಿ ಪಾದ್ರಿಯ ಪಾತ್ರವನ್ನೂ ಮಾಡುತ್ತಿದ್ದರು. ಐದಾರು ವರ್ಷ ಚೆನ್ನಾಗಿ ನಡೆಯಿತು. ಒಂದು ಸಲ ಕಥೆ ಮುಂದಕ್ಕೆ ಹೋಗದೆ ನಿಂತಾಗ ಪಾದ್ರಿಯನ್ನು ಮೆಟ್ಟಿಲಿನಿಂದ ಉರುಳಿಸಿ ಕೊಂದರು. ಜನ ಟಿವಿ ಮುಂದೆ ಅತ್ತರಂತೆ. ಮುಂದಿನ ಸೋಮವಾರ ತನಗೆ ಕೆಲಸವಿಲ್ಲ ಎಂಬುದು ಇವರಿಗೆ ಹೊಳೆದದ್ದು ಮುಂದಿನ ಸೋಮವಾರ.

"ಅಂಕಲ್, ಎರಡು ವಾರ ಆಸ್ಪತ್ರೆಯಲ್ಲಿ ಮಲಗಿಸಬಹುದಿತ್ತಲ್ಲ?" ಎಂದೆ.

"ನೀವು ಆಗ ಎಲ್ಲಿದ್ದಿರಿ?" ಎಂದು ನಿಜವಾಗಿಯೂ ಬೇಸರದಿಂದ ಕೇಳಿದರು.

ಹೈಸ್ಕೂಲಿನಲ್ಲಿದ್ದ ನಮ್ಮ ಹುಡುಗಿ ಅವರನ್ನು ಫೋನಿನಲ್ಲಿ ಹುಡುಕಿ ನೋಡಿದಳು. ಪಟ್ಟಿ ಉದ್ದವಿತ್ತು, ಹೆಸರು ಎಲ್ಲ ಕಡೆ ಕೆಳಗಿತ್ತು. ಎರಡನೆಯ ಪೊಲೀಸ್. ರೈಲಿನಲ್ಲಿ ಕೂತ ಮನುಷ್ಯ. "ಅಮ್ಮಾ, ಹೀ ಈಸ್ ದ ಡೆಡ್ ಗೈ! ಇನ್ ಎವ್ರಿಥಿಂಗ್!" ಎಂದು ಕಿರುಚಿದಳು. ಅವಳ ಕಣ್ಣಿನಲ್ಲಿ ಅವರ ಬೆಲೆ ಏರಿತು.

ಆ ಪಟ್ಟಿಯಲ್ಲಿ ಐವತ್ತು ವರ್ಷ ಹಿಂದೆ ಮಾಡಿದ್ದ, ಒಬ್ಬ ಮಹಾರಾಜನ ದಿವಾನನ ಪಾತ್ರವೂ ಇತ್ತು. ಮಾಡಿ ತೋರಿಸಿ ಅಂದೆವು. ಬೇಡ, ನಾಚಿಕೆಗೇಡು, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡಿದ್ದೆ ಅಂದರು. ನನ್ನ ಯಜಮಾನರು ಬಿಡಲಿಲ್ಲ. ಕೊನೆಗೆ ಎದ್ದು ನಿಂತು ಕತ್ತು ಕುಣಿಸಿ, ಕೈ ಮುಗಿದು, ಪ್ರತಿ ಮಾತಿನ ಕೊನೆಗೂ ಎರಡೆರಡು ಸಲ 'ಸರ್' ಸೇರಿಸಿ ಒಂದು ನಿಮಿಷ ದಿವಾನರಾದರು. ನಮ್ಮ ಹುಡುಗಿ "ದಟ್ಸ್ ಸೋ ನಾಟ್ ಓಕೆ, ಅಂಕಲ್," ಎಂದಳು. ನನ್ನ ಯಜಮಾನರು ನಕ್ಕು ನಕ್ಕು ಕೆಮ್ಮಿ ನೀರು ಕುಡಿದು, "ಇದು ನಮ್ಮ ಡೈರೆಕ್ಟರ್ ಸಾಹೇಬ್ರೇ ಕಣೇ! ಚೀಫ್ ಗೆಸ್ಟ್ ಬಂದಾಗ ಹಿಂಗೇ ಅಲ್ವಾ ನಿಂತ್ಕೊಳ್ಳೋದು!" ಎಂದರು.

ಡೈರೆಕ್ಟರ್ ಸಾಹೇಬರು ಅಂದರೆ ಪಕ್ಕದ ಊರು ಏಪೆಕ್ಸ್‌ನಲ್ಲಿರುವ ನಮ್ಮ ಕನ್ನಡ ನಾಟಕಗಳ ನಿರ್ದೇಶಕರು. ನಿವೃತ್ತ ಎಂಜಿನಿಯರ್. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಅವರೇ ಒಂದು ನಾಟಕ ಬರೆದು ಅವರೇ ಆಡಿಸುತ್ತಾರೆ. ಸ್ಟೇಜ್ ಹತ್ತಲು ಹೆದರುವ ನಾನು ಹತ್ತು ವರ್ಷದಿಂದ ಅವರ ಪ್ರಾಂಪ್ಟರ್. ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಕೈಯಲ್ಲಿ ಸ್ಕ್ರಿಪ್ಟು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಮಾತು ಮರೆತವರಿಗೆ ಮುಂದಿನ ಪದವನ್ನು ಪಿಸುಗುಟ್ಟುವುದು ಕೆಲಸ. ನಮ್ಮಲ್ಲಿ ಎಲ್ಲರೂ ಮರೆಯುತ್ತಾರೆ. ವಾರವೆಲ್ಲ ಆಫೀಸು, ಶನಿವಾರ ಮಕ್ಕಳ ಕ್ರಿಕೆಟ್, ಮಾತು ಯಾವಾಗ ಬಾಯಿಪಾಠ ಮಾಡಬೇಕು? ಒಂದು ವರ್ಷ ನನ್ನ ಪಿಸುಮಾತೇ ಮುಂದಿನ ಮೂರು ಸಾಲಿನವರಿಗೆ ಕೇಳಿಸಿ, ನಾಟಕ ಮುಗಿದ ಮೇಲೆ ಒಬ್ಬರು ಬಂದು ನಿಮ್ಮ ಆ್ಯಕ್ಟಿಂಗ್ ಚೆನ್ನಾಗಿತ್ತು ಅಂದರು.

ಆ ವರ್ಷದ ನಾಟಕದಲ್ಲಿ ಧಾರವಾಡದ ಕಡೆಯ ಒಬ್ಬ ಇಂಗ್ಲಿಷ್ ಕಲೆಕ್ಟರ್ ಇದ್ದ. ಸ್ವಾತಂತ್ರ್ಯ ಬಂದ ದಿನ ಅವನು ದೇಶ ಬಿಟ್ಟು ಹೋಗುವುದರೊಂದಿಗೆ ನಾಟಕ ಮುಗಿಯುತ್ತದೆ. ಇಂಥ ಪಾತ್ರವಿದ್ದರೆ ನಮ್ಮಲ್ಲೇ ಸ್ವಲ್ಪ ಬೆಳ್ಳಗಿರುವ ಒಬ್ಬರಿಗೆ ಹಳದಿ ವಿಗ್ ಹಾಕುವುದು ವಾಡಿಕೆ. ನಾನು ಬಾಯಿ ತಪ್ಪಿ ಪಕ್ಕದ ಮನೆಯವರ ವಿಷಯ ಹೇಳಿಬಿಟ್ಟೆ.

"ಒರಿಜಿನಲ್ ಸಿಕ್ಕಿರೋವಾಗ ಡೂಪ್ಲಿಕೇಟ್ ಯಾಕಮ್ಮಾ?" ಎಂದರು ನಿರ್ದೇಶಕರು. "ಏಳೇ ಏಳು ಸಾಲು. ಕೇಳಿ ನೋಡು."

ಕೇಳಿದಾಗ ದೊರೆ ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟರು. "ಮಗಳನ್ನು ಕೇಳಬೇಕು," ಎಂದರು. ಎಪ್ಪತ್ತೆಂಟು ವರ್ಷದವರು ಹಾಗೆ ಹೇಳಿದ್ದು ನನಗೆ ವಿಚಿತ್ರವೆನಿಸಿತು.

ಕಾರಣ ಮರುದಿನ ಮೇಲ್‌ಬಾಕ್ಸ್ ಹತ್ತಿರ ಅವರ ಮಗಳೇ ಹೇಳಿದಳು. ಇಂಗ್ಲೆಂಡಿನಲ್ಲಿ ಅವರ ಕೊನೆಯ ನಾಟಕದ ದಿನ, ಎರಡನೆಯ ಅಂಕದ ನಡುವೆ, ಮಾತು ಮರೆತುಹೋಯಿತು. ಅವರ ಕಸುಬಿನಲ್ಲಿ ಇದಕ್ಕೆ 'ಒಣಗುವುದು' ಅನ್ನುತ್ತಾರಂತೆ. ಪ್ರಾಂಪ್ಟರ್ ಮೂರು ಸಲ ಹೇಳಿಕೊಟ್ಟರೂ ತಲೆಗೆ ಹೋಗಲಿಲ್ಲ. ನಿಂತರು, ನಿಂತೇ ಇದ್ದರು, ಆಮೇಲೆ ಸುಮ್ಮನೆ ಒಳಗೆ ನಡೆದುಬಿಟ್ಟರು. ಆ ನಾಟಕ ಬರೆದವರೂ ಅವರೇ.

"ಡಾಕ್ಟರು ಏನೂ ತೊಂದರೆ ಇಲ್ಲ, ವಯಸ್ಸು ಅಷ್ಟೇ ಅಂದರು," ಎಂದಳು. "ಆದರೆ ಅಪ್ಪ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಮುಖ ಗೋಡೆಗೆ. ನಾನು ಹೋಗಿ ಎಬ್ಬಿಸಿ ಇಲ್ಲಿಗೆ ಕರೆದುಕೊಂಡು ಬಂದೆ. ಈಗ ಜನವರಿಯಲ್ಲಿ ಇಲ್ಲೊಂದು ಸಣ್ಣ ಥಿಯೇಟರಿನಲ್ಲಿ ಆಡಿಷನ್ ಇದೆಯಂತೆ, ಕರೆದುಕೊಂಡು ಹೋಗು ಅಂತ ದಿನಾ ಹಠ. ನಾನು ಆಗಲ್ಲ ಅಂದಿದ್ದೇನೆ."

ಇಲ್ಲಿ ಕಾರು ಓಡಿಸದವರು ಮನೆಯಲ್ಲಿ ಇಟ್ಟಲ್ಲೇ ಇರುವ ಸಾಮಾನು. ಮಗಳು ಕರೆದುಕೊಂಡು ಹೋಗದಿದ್ದರೆ ಆಡಿಷನ್ ಇಲ್ಲ. ನಾನು ಬೇಕಾದರೆ ಕರೆದುಕೊಂಡು ಹೋಗಬಹುದಿತ್ತು. ಆದರೆ ಆಕೆಯ ಬೆನ್ನ ಹಿಂದೆ ಆ ಕೆಲಸ ಮಾಡುವ ಧೈರ್ಯ ನನಗಿರಲಿಲ್ಲ.

ಅವರಿಬ್ಬರ ನಡುವೆ ಆ ವಾರ ಏನು ಮಾತಾಯಿತೋ, ಗೋಡೆಯಾಚೆ ಈ ಸಲ ಎರಡೇ ಧ್ವನಿ ಕೇಳಿಸಿದವು, ಎರಡೂ ನಿಜವಾದವು. ಕೊನೆಗೆ ಒಪ್ಪಂದವಾಯಿತು. ಕನ್ನಡ ನಾಟಕ ಮೊದಲು. ಪ್ರಾಂಪ್ಟರ್ ಸಹಾಯವಿಲ್ಲದೆ ಏಳು ಸಾಲು ದಾಟಿದರೆ ಮಗಳೇ ಆಡಿಷನ್‌ಗೆ ಕರೆದುಕೊಂಡು ಹೋಗುತ್ತಾಳೆ. ದಾಟದಿದ್ದರೆ ನಾಟಕದ ಮಾತು ಅಲ್ಲಿಗೆ ಮುಗಿಯಿತು.

"ಅಂದರೆ ನೀವು ಬಾಯಿ ಮುಚ್ಚಿಕೊಂಡು ಕೂರಬೇಕು," ಎಂದರು ದೊರೆ ನನಗೆ.

"ಹತ್ತು ವರ್ಷದಲ್ಲಿ ಒಬ್ಬರೂ ಹಾಗೆ ಕೇಳಿಲ್ಲ ಅಂಕಲ್."

ಅಭ್ಯಾಸ ನಡೆಯುತ್ತಿದ್ದದ್ದು ನಿರ್ದೇಶಕರ ಗರಾಜಿನಲ್ಲಿ, ಅಕ್ಕಿ ಮೂಟೆ ಮತ್ತು ಹುಲ್ಲು ಕತ್ತರಿಸುವ ಮಷೀನಿನ ನಡುವೆ. ದೊರೆ ತಮ್ಮ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ದಿನಾ ನನ್ನಿಂದ ತಿದ್ದಿಸಿಕೊಂಡಿದ್ದರು. ಳಕಾರಕ್ಕೆ ಒಂದು ವಾರ ಹಿಡಿಯಿತು. ಮೊದಲ ದಿನ ಗರಾಜಿನಲ್ಲಿ ನಿಂತು, ಸ್ಪಷ್ಟವಾಗಿ, ಒಂದು ತಪ್ಪೂ ಇಲ್ಲದೆ "ನಾನು ನಾಳೆ ಬರುತ್ತೇನೆ" ಎಂದರು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು.

ನಿರ್ದೇಶಕರು ತಲೆ ಕೊಡವಿದರು. "ಹೀಗಲ್ಲ. ಇಂಗ್ಲಿಷವ್ರು ಹೀಗೆ ಮಾತಾಡಲ್ಲ."

"ಸಾರ್, ಅವರು ಇಂಗ್ಲಿಷವರೇ."

"ಅದು ನಂಗೂ ಗೊತ್ತಮ್ಮ. ಆದ್ರೆ ಜನ ನಂಬಲ್ಲ. 'ನಾನು ನಾಳೆ ಬರುತ್ತಾನೆ' ಅನ್ಬೇಕು. ಹೋದ ಸಲ ವಿಗ್ ಹಾಕ್ಕೊಂಡಿದ್ನಲ್ಲ, ಅವನು ಎಷ್ಟು ಚೆನ್ನಾಗಿ ಮಾಡಿದ್ದ!"

ದೊರೆಗೆ ಇದನ್ನು ಅನುವಾದಿಸಿ ಹೇಳುವುದು ನನ್ನ ಪಾಲಿಗೆ ಬಂತು. ಅವರು, "ನಾನು ಇಂಗ್ಲಿಷಿನವನ ಹಾಗೆ ಇಲ್ಲವೇ?" ಎಂದರು. "ಸಾಕಷ್ಟು ಇಲ್ಲವಂತೆ," ಎಂದೆ. ಅವರು ಅದನ್ನು ಗಂಭೀರವಾಗಿ ತೆಗೆದುಕೊಂಡು, ಹಳದಿ ವಿಗ್ಗಿನವರ ಹತ್ತಿರ ಎರಡು ಶನಿವಾರ ಇಂಗ್ಲಿಷ್ ದೊರೆಯ ಕನ್ನಡ ಕಲಿತರು. ನಾನು ಇವನಿಗೆ ಹೊಡೆಯುತ್ತಾಳೆ. ನೀವು ಎಲ್ಲಿ ಹೋಗುತ್ತಾನೆ. ಗುರು ಬೆಂಗಳೂರಿನ ಗಾಂಧಿ ಬಜಾರಿನವರು, ಶಿಷ್ಯ ಇಂಗ್ಲೆಂಡಿನವರು.

ತೊಂದರೆ ಇದ್ದದ್ದು ಏಳನೆಯ ಸಾಲಿನಲ್ಲಿ. ಆರು ಸಾಲು ಒಡಕು ಕನ್ನಡ ಆಡಿದ ಕಲೆಕ್ಟರ್ ಕೊನೆಗೆ ಟೋಪಿ ತೆಗೆದು, "ಪುಣ್ಯಭೂಮಿಯೇ, ನಿನಗಿದೋ ಅಂತಿಮ ವಂದನೆ, ಇನ್ನೆಂದಿಗೂ ಇತ್ತ ಮರಳೆನು" ಅನ್ನಬೇಕಿತ್ತು.

"ಸಾರ್, ಹಿಂದಿನ ಪುಟದಲ್ಲಿ 'ನಾನು ಬರುತ್ತಾನೆ' ಅಂದವನು ಇಲ್ಲಿ 'ಮರಳೆನು' ಅಂತಾನಾ?" ಎಂದೆ.

"ಹೃದಯ ಪರಿವರ್ತನೆ ಆಗಿರತ್ತೆ," ಎಂದರು ನಿರ್ದೇಶಕರು.

ಹೃದಯಕ್ಕೆ ಆಗಿದ್ದಿರಬಹುದು, ನಾಲಿಗೆಗೆ ಆಗಲಿಲ್ಲ. 'ಮರಳೆನು' ಬಂದರೆ 'ನಿನಗಿದೋ' ಹೋಗುತ್ತಿತ್ತು. ಮಧ್ಯಾಹ್ನ ಮೂರರ ಕಾಫಿಗೆ ಬಂದಾಗಲೆಲ್ಲ ಅದೇ ಸಾಲು. ನಾನು ಹೆಪ್ಪುಗಟ್ಟಿದ ಅವರೆಕಾಳಿನ ಪ್ಯಾಕೆಟ್ ಬಿಡಿಸಿ ಹಿತಕುತ್ತಾ ಕೇಳುತ್ತಿದ್ದೆ. ಒಂದೊಂದು ದಿನ ಸರಿಯಾಗಿ ಬರುತ್ತಿತ್ತು. ಒಂದೊಂದು ದಿನ 'ಪುಣ್ಯಭೂಮಿಯೇ' ಅಂದ ಮೇಲೆ ಕಣ್ಣು ಖಾಲಿಯಾಗುತ್ತಿತ್ತು, ಎಡಗೈ ಸ್ವೆಟರಿನ ಗುಂಡಿ ತಿರುಗಿಸತೊಡಗುತ್ತಿತ್ತು. ಗುಂಡಿ ತಿರುಗಿತೆಂದರೆ ಒಣಗಿದರು ಎಂದು ಅರ್ಥ. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಸುಲಭವಾಗಿ ಬರುತ್ತಿದ್ದ ಕನ್ನಡ ಬೇರೆ ಇತ್ತು. ಶುರುವಿನ ಒಂದು ದಿನ ಅವರು ಹೊರಡುವಾಗ, ನಿಮ್ಮ ಭಾಷೆಯಲ್ಲಿ 'ನಾನು ಹೋಗ್ತೀನಿ' ಅನ್ನುವುದು ಹೇಗೆ ಎಂದು ಕೇಳಿದ್ದರು. ಹಾಗೆ ಅನ್ನಲೇಬಾರದು ಅಂದೆ. ಬರೀ ಹೋಗ್ತೀನಿ ಅಂದರೆ ಒಂದೇ ಸಲ ಹೋದ ಹಾಗೆ. ನನ್ನ ಅಮ್ಮ ಕೇಳಿಸಿಕೊಂಡರೆ ಬಾಯಿ ಮೇಲೆ ಕೊಡುತ್ತಿದ್ದಳು. ಹೋಗಿ ಬರ್ತೀನಿ ಅನ್ನಬೇಕು. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ, ನಮ್ಮ ಮನೆಯಿಂದ ಹೊರಡುವಾಗ, ಅವರ ಮನೆಯಿಂದ ಹೊರಡುವಾಗ, ಪೋಸ್ಟಿನವನಿಗೆ, ಫೋನಿನಲ್ಲಿ ಇನ್ಶೂರೆನ್ಸ್ ಮಾರಲು ಬಂದವರಿಗೆ, ಎಲ್ಲರಿಗೂ "ಹೋಗಿ ಬರ್ತೀನಿ." ಅದರ ಜೊತೆ "ಕಾಫಿ ಆಯ್ತಾ?" ಕೂಡ. ಇಪ್ಪತ್ತಮೂರು ಸಲ ಸತ್ತ ಮನುಷ್ಯನಿಗೆ ಹೋಗಿ ಬರುವುದು ಹೊಸದೇನಲ್ಲವಲ್ಲ.

ನಾಟಕದ ದಿನ ಒಂದು ಹೈಸ್ಕೂಲಿನ ಆಡಿಟೋರಿಯಂ ಬಾಡಿಗೆಗೆ ಹಿಡಿದಿದ್ದರು. ಮೂರಕ್ಕೆ ಶುರುವಾಗಬೇಕಿದ್ದ ನಾಟಕ, ಪುಟಾಣಿಗಳ ಹನ್ನೊಂದು ಡ್ಯಾನ್ಸ್, ಸಮೋಸಾದ ಸಾಲು, ಚೀಫ್ ಗೆಸ್ಟ್ ಭಾಷಣ ಎಲ್ಲ ಮುಗಿದು ಐದಕ್ಕೆ ಶುರುವಾಯಿತು. ದೊರೆ ಎರಡು ಗಂಟೆ ಖಾಕಿ ಕೋಟು ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸಮೋಸಾ ಕೊಟ್ಟರೆ ಬೇಡ ಅಂದರು. ಅವರ ಮಗಳು ಎರಡನೆಯ ಸಾಲಿನಲ್ಲಿ, ನನ್ನ ಸ್ಟೂಲಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ಇದ್ದಳು. ನಾನು ಪಿಸುಗುಟ್ಟಿದರೆ ಆಕೆಗೆ ಕೇಳಿಸುವುದು ಖಂಡಿತ.

ಆರು ಸಾಲು ಬೆಣ್ಣೆಯ ಹಾಗೆ ಹೋಯಿತು. 'ನಾನು ಇವನಿಗೆ ಹೊಡೆಯುತ್ತಾಳೆ' ಅಂದಾಗ ಜನ ಶಿಳ್ಳೆ ಹೊಡೆದರು. ನಿರ್ದೇಶಕರು ನನ್ನ ಕಡೆ ನೋಡಿ, ಹೇಳಲಿಲ್ಲವೇ ಅನ್ನುವಂತೆ ಹುಬ್ಬು ಹಾರಿಸಿದರು. ಆಮೇಲೆ ಕೊನೆಯ ದೃಶ್ಯ. ಬೆಳಕು ಇಳಿಯಿತು. ದೊರೆ ಮುಂದಕ್ಕೆ ಬಂದು ಟೋಪಿ ತೆಗೆದರು.

"ಪುಣ್ಯಭೂಮಿಯೇ," ಎಂದರು.

ನಿಂತರು. ಭಾವ ತುಂಬಿ ಬಂದಿದೆ ಎಂದು ಜನ ತಿಳಿದುಕೊಂಡರು. ಎಡಗೈ ಕೋಟಿನ ಗುಂಡಿಗೆ ಹೋಯಿತು. ಗುಂಡಿ ತಿರುಗತೊಡಗಿತು.

'ನಿನಗಿದೋ' ನನ್ನ ನಾಲಿಗೆಯ ತುದಿಯಲ್ಲಿತ್ತು. ಹತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ತೆರೆಯಿತು. ಹೇಳಿದರೆ ಅವರ ಆಡಿಷನ್ ಹೋಯಿತು. ಹೇಳದಿದ್ದರೆ, ಅವರು ಹಾಗೇ ಒಳಗೆ ನಡೆದು, ಗೋಡೆಗೆ ಮುಖ ಮಾಡಿ ಮಲಗಿದರೆ? ಎಣಿಸಿದೆ. ಒಂದು, ಎರಡು, ಮೂರು. ನಿರ್ದೇಶಕರು ಆಚೆ ಬದಿಯಿಂದ ನನಗೆ ಕೈ ಬೀಸಿ ಹೇಳು ಹೇಳು ಎಂದು ಕುಣಿಯುತ್ತಿದ್ದರು. ಏಳು, ಎಂಟು. ದೊರೆ ನನ್ನ ಕಡೆ ತಿರುಗಿ ನೋಡಿದರು. ನಾಲ್ಕು ಗಂಟೆಗೆ ಕಾಫಿ ಮುಗಿಸಿ ಎದ್ದು ನೋಡುವ ಹಾಗೇ ನೋಡಿದರು. ಗುಂಡಿ ನಿಂತಿತು. ಟೋಪಿ ತಲೆಗೇರಿತು.

"ಹೋಗಿ ಬರ್ತೀನಿ," ಎಂದರು.

ಸಭೆಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂರು ವರ್ಷ ಆಳಿದವನು, ಅಂತೂ ಹೊರಟ ಅಂದುಕೊಂಡರೆ, ಹೋಗಿ ಬರ್ತೀನಿ ಅನ್ನುತ್ತಿದ್ದಾನೆ. ತಮ್ಮ ಮಗಳ ಮನೆಗೆಂದು ಮೈಸೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರೇ ಮೊದಲು ಚೇತರಿಸಿಕೊಂಡದ್ದು.

"ಅಯ್ಯೋ ಬೇಡಪ್ಪಾ! ಬರಬೇಡ!"

ಆಡಿಟೋರಿಯಂ ಕಿತ್ತುಹೋಗುವ ಹಾಗೆ ನಗು. ಆ ನಗುವಿಗೆ ದೊರೆಯ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಅವರು ಹೊರಡಲಿಲ್ಲ. ನಗು ಇಳಿಯುವವರೆಗೆ ಕಾದು, ಇನ್ನೇನು ಇಳಿಯಿತು ಅನ್ನುವಾಗ ಅಜ್ಜಿಯ ಕಡೆ ಬಾಗಿ, ಬಹಳ ಕಾಳಜಿಯಿಂದ, "ಕಾಫಿ ಆಯ್ತಾ?" ಎಂದು ಕೇಳಿ ಒಳಗೆ ನಡೆದರು.

ಚಪ್ಪಾಳೆ ಉದ್ದವಾಗಿತ್ತು. ಪೆನ್ಸಿಲ್ ಕಿವಿಯಲ್ಲೇ ಇತ್ತು. ಪ್ರತಿ ದಿನದ ತಿದ್ದುಪಡಿಯನ್ನೂ ಇದ್ದದ್ದು ಇದ್ದ ಹಾಗೆ ಗುರುತು ಹಾಕಿಡುವ ನಾನು, ಅವತ್ತು ಮಾತ್ರ ಸ್ಕ್ರಿಪ್ಟಿನ ಏಳನೆಯ ಸಾಲಿಗೆ ಗೀಟು ಹೊಡೆದು ಪಕ್ಕದಲ್ಲಿ 'ಹೋಗಿ ಬರ್ತೀನಿ' ಎಂದು ಬರೆದೆ. ಹಳೆಯ ತಿದ್ದುಪಡಿಯಂತೆ ಕಾಣಲೆಂದು ಬೆರಳಿನಿಂದ ಸ್ವಲ್ಪ ಉಜ್ಜಿದೆ ಕೂಡ.

ಅವರ ಮಗಳು ಸೀದಾ ನನ್ನ ಹತ್ತಿರವೇ ಬಂದಳು. "ನಿಜ ಹೇಳಿ. ಆ ಸಾಲು ಅಲ್ಲಿತ್ತಾ?"

"ಇಲ್ಲಿ ನೋಡಿ," ಎಂದು ಸ್ಕ್ರಿಪ್ಟು ಚಾಚಿದೆ. ಆಕೆಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಚಾಚಿದ ಮೇಲೆ ನೆನಪಾಯಿತು. ಆಕೆ ಪೆನ್ಸಿಲಿನ ಗುರುತನ್ನು ನೋಡಿದಳು, ನನ್ನ ಮಸಿಯಾದ ಬೆರಳನ್ನು ನೋಡಿದಳು.

ಅಷ್ಟರಲ್ಲಿ ನಿರ್ದೇಶಕರು ಕೆಂಪು ಮುಖ ಹೊತ್ತು ನನ್ನನ್ನು ಬೈಯಲು ಧಾವಿಸಿ ಬಂದರು. "ಏನಮ್ಮಾ ಇದು! ಬಾಯಿಗೆ ಏನ್ ಹಾಕ್ಕೊಂಡಿದ್ದೆ? ನನ್ನ ಕ್ಲೈಮ್ಯಾಕ್ಸ್..." ಹಿಂದೆಯೇ ಚೀಫ್ ಗೆಸ್ಟ್ ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ಏನ್ ಕಲ್ಪನೆ ಸಾರ್! ಹೋದ ಹಾಗೆ ಮಾಡಿ ಮತ್ತೆ ಬರ್ತಾರೆ ಅನ್ನೋದನ್ನ ಎರಡೇ ಮಾತಲ್ಲಿ ಹೇಳ್ಬಿಟ್ರಲ್ಲ! ರೋಮಾಂಚನ ಆಯ್ತು!"

ನಿರ್ದೇಶಕರ ಮುಖ ಕೆಂಪಿನಿಂದ ಗುಲಾಬಿಗೆ ಬಂತು. ಕತ್ತು ಕುಣಿಯಿತು, ಕೈ ಮುಗಿಯಿತು. "ಹೆಹೆ. ಕೊನೇ ಗಳಿಗೇಲಿ ಹೊಳೀತು ಸಾರ್. ನಾನೇ ತಿದ್ದಿಸ್ದೆ. ಅಲ್ವೇನಮ್ಮಾ?"

"ಹೌದು ಸಾರ್. ಪೆನ್ಸಿಲಿನಲ್ಲಿದೆ," ಎಂದೆ.

ಸೋಮವಾರ ಮೂರಕ್ಕೆ ದೊರೆ ಬಂದರು. ಕಾಫಿ ಮುಟ್ಟಲಿಲ್ಲ. "ನಾನು ಒಣಗಿದ್ದೆ. ನೀವು ನೋಡಿದಿರಿ. ಐವತ್ತು ವರ್ಷದಲ್ಲಿ ಯಾವ ಪ್ರಾಂಪ್ಟರೂ ನನ್ನನ್ನು ಹಾಗೆ ನಡುನೀರಿನಲ್ಲಿ ಬಿಟ್ಟಿಲ್ಲ. ಹಳೆಯ ಕಂಪನಿಯಲ್ಲಾಗಿದ್ದರೆ ನಿಮ್ಮನ್ನು ಅವತ್ತೇ ಕೆಲಸದಿಂದ ತೆಗೆಸುತ್ತಿದ್ದೆ."

"ಬಾಯಿ ಮುಚ್ಚಿಕೊಂಡಿರಿ ಅಂದವರು ನೀವೇ ಅಂಕಲ್."

"ಹೇಳಿದ್ದನ್ನೆಲ್ಲ ಕೇಳುತ್ತಾರೆಯೇ?" ಎಂದು ಗುಡುಗಿದರು. ಆಮೇಲೆ ಕಪ್ಪು ಎತ್ತಿಕೊಂಡರು. ಮಗಳಿಗೆ ನಿಜ ಹೇಳಿಬಿಡುತ್ತೇನೆ, ಆಡಿಷನ್ ಹೋದರೆ ಹೋಗಲಿ, ಆಕೆಗೆ ಸುಳ್ಳು ಹೇಳಿ ಕಾರು ಹತ್ತಲಾರೆ ಎಂದರು. ನನಗೆ ನನ್ನ ಪೆನ್ಸಿಲಿನ ಬಗ್ಗೆ ಹೇಳುವ ಧೈರ್ಯವಾಗಲಿಲ್ಲ. ಅವರು ಹೊರಟಾಗ ನನ್ನ ಯಜಮಾನರು ಸೋಫಾದಿಂದಲೇ ಬೆಚ್ಚಗೆ ಕೂಗಿದರು, "ಬೇಡಪ್ಪಾ! ಬರಬೇಡ!" ದೊರೆ ತಿರುಗಿಯೂ ನೋಡಲಿಲ್ಲ.

ಆ ಸಂಜೆ ಮೇಲ್‌ಬಾಕ್ಸ್ ಹತ್ತಿರ ಅವರ ಮಗಳು ಸಿಕ್ಕಳು. ನಾನು ಜಾಹೀರಾತಿನ ಕಾಗದಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

"ಅಪ್ಪ ಹೇಳಿದರು," ಎಂದಳು. "ನನಗೆ ಮೊದಲೇ ಗೊತ್ತಿತ್ತು. ಆ ಮಾತನ್ನು ಅವರು ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ಬಾತ್‌ರೂಮಿಗೆ ಹೋಗುವಾಗಲೂ ಅನ್ನುತ್ತಾರೆ. ನಾಟಕದಲ್ಲಿ ಅದೇ ಮಾತು ಬಂದರೆ ನನಗೆ ಗೊತ್ತಾಗುವುದಿಲ್ಲವೇ?"

ನನ್ನ ಕಿವಿ ಬಿಸಿಯಾಯಿತು. "ಮತ್ತೆ ಸ್ಕ್ರಿಪ್ಟು ತೋರಿಸಿದಾಗ ಸುಮ್ಮನಿದ್ದಿರಿ?"

"ನೀವು ಅಷ್ಟು ಶ್ರದ್ಧೆಯಿಂದ ಸುಳ್ಳು ಹೇಳುತ್ತಿದ್ದಿರಿ." ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: "ಮರೆಯುತ್ತಾರೆ ಅಂತ ನನಗೆ ಭಯವಿರಲಿಲ್ಲ. ಮರೆತ ಮರುದಿನದ ಭಯ. ಭಾನುವಾರ ಬೆಳಿಗ್ಗೆ ಅವರ ಕೋಣೆಯ ಬಾಗಿಲ ಹತ್ತಿರ ನಿಂತುಕೊಂಡೆ. ಒಳಗೆ ಯಾರೂ ಇರಲಿಲ್ಲ. ಕೆಳಗೆ ಮೊಟ್ಟೆ ಸೀಯಿಸುತ್ತಾ, ಆ ಅಜ್ಜಿ ಮತ್ತು ತಮ್ಮ ಮಾತನ್ನು ಎರಡೂ ಧ್ವನಿಯಲ್ಲಿ ಹೇಳಿಕೊಳ್ಳುತ್ತಿದ್ದರು."

ಜನವರಿಯಲ್ಲಿ ಆಕೆಯೇ ಆಡಿಷನ್‌ಗೆ ಕರೆದುಕೊಂಡು ಹೋದಳು. ಸಿಕ್ಕಿದ್ದು ಒಬ್ಬ ತಾತನ ಪಾತ್ರ, ಮೊದಲ ಅಂಕದಲ್ಲೇ ಸಾಯುತ್ತಾನೆ, ಅದಕ್ಕೂ ಮುಂಚೆ ಹನ್ನೊಂದು ಸಾಲು. ಹನ್ನೊಂದನ್ನೂ ನಮ್ಮ ಊಟದ ಮೇಜಿನ ಮುಂದೆ ಅಭ್ಯಾಸ ಮಾಡಿದರು. ಸಾವನ್ನು ಸೋಫಾದಲ್ಲಿ ಮಾಡಿದರು. ನನ್ನ ಯಜಮಾನರು ಲ್ಯಾಪ್‌ಟಾಪ್ ಎತ್ತಿಕೊಂಡು ಜಾಗ ಬಿಡಬೇಕಾಯಿತು. ನಿರ್ದೇಶಕರು ಅಷ್ಟರಲ್ಲಿ ತಮ್ಮ ನಾಟಕವನ್ನು ವಾಷಿಂಗ್ಟನ್ ಕಡೆಯ ಕನ್ನಡದವರಿಗೆ ಕಳಿಸಿದ್ದರು, ಹೊಸ ಕೊನೆಯ ಸಾಲಿನ ಸಮೇತ. ಜೊತೆಗೆ ಹಳದಿ ವಿಗ್ಗೂ ಹೋಯಿತು.

ಪೈನ್ ಮರಗಳು ಮತ್ತೆ ಹಳದಿ ಪುಡಿ ಉದುರಿಸತೊಡಗಿದ ವಾರ ತಾತನ ಪಾತ್ರದ ಆ ನಾಟಕ ನೋಡಲು ಹೋದೆವು. ನಾನು, ನನ್ನ ಯಜಮಾನರು, ದೊರೆಯ ಮಗಳು ಒಂದೇ ಸಾಲಿನಲ್ಲಿ ಕೂತೆವು. ನನ್ನ ಕೈಯಲ್ಲಿ ಸ್ಕ್ರಿಪ್ಟು ಇಲ್ಲದೆ ಏನು ಮಾಡಬೇಕೆಂದು ತಿಳಿಯದೆ ಪರ್ಸಿನ ಜಿಪ್ ಹಿಡಿದುಕೊಂಡಿದ್ದೆ. ಹತ್ತು ಸಾಲು ಹೋಯಿತು. ಹನ್ನೊಂದನೆಯದಕ್ಕೆ ಮುಂಚೆ ತಾತ ಕುರ್ಚಿಯ ಕೈ ಹಿಡಿದು ನಿಂತರು, ಸುಮ್ಮನಾದರು. ನಾನು ಗುಂಡಿಯ ಕಡೆ ನೋಡಿದೆ. ಪಕ್ಕದಲ್ಲಿ ಅವರ ಮಗಳೂ ಗುಂಡಿಯ ಕಡೆಯೇ ನೋಡುತ್ತಿದ್ದಳು. ಆಕೆಗೂ ಅದು ಗೊತ್ತಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು. ಕೈ ಅಲುಗಲಿಲ್ಲ. ಸಾಲು ಬಂತು, ಇಡಿಯಾಗಿ ಬಂತು. ಆಮೇಲೆ ತಾತ ಕುರ್ಚಿಯಲ್ಲಿ ಕೂತು, ಅಲ್ಲಿಂದ ಮೆಲ್ಲಗೆ ಜಾರಿ, ಬೇರೆ ಯಾರಿಗೂ ತೊಂದರೆ ಕೊಡದ ಹಾಗೆ ಸತ್ತರು.

ನನ್ನ ಯಜಮಾನರು ನನ್ನ ಕಡೆ ಬಾಗಿದರು.

"ಎಷ್ಟನೇದು?"

"ಇಪ್ಪತ್ನಾಲ್ಕು."

"ಶ್," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತಾ.